ಕ್ರೇನಿಯೋಸೇಕ್ರಲ್ ಥೆರಪಿ: ನನಗೆ ಕುತ್ತಿಗೆ ನೋವು, ಮಗುವಿಗೆ ಸಂಜೆ ಅಳು. ಮಾಡಿಸಬಹುದಾ?

ಬಾಸೆಲ್ ಬಾಣಂತಿ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು, ಈಗ ಇರುವುದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಮೊದಲ ಮಗು, ಹೆಣ್ಣು, ಎರಡು ತಿಂಗಳು ದಾಟಿದೆ.

ಹೆರಿಗೆ ಆದ ಮೇಲೆ ನನಗೆ ಕುತ್ತಿಗೆ ಪೂರ್ತಿ ಬಿಗಿ. ಹಾಲು ಕುಡಿಸುವಾಗ ತಲೆ ಬಗ್ಗಿಸಿಯೇ ಕೂತಿರುತ್ತೇನೆ, ಅದೂ ಕಾರಣ ಇರಬಹುದು. ಸಂಜೆ ಹೊತ್ತಿಗೆ ನೋವು ಹಿಂದಲೆಯಿಂದ ಹತ್ತಿ ಹಣೆಗೆ ಬರುತ್ತದೆ. ಡಾಕ್ಟರಿಗೆ ತೋರಿಸಿದ್ದೇನೆ. ಬಿಪಿ ನೋಡಿದರು, ಕಣ್ಣು ನೋಡಿದರು, ಸ್ನಾಯು ಬಿಗಿತದಿಂದ ಬರುವ ತಲೆನೋವು ಅಂದರು. ಮಗು ಸಂಜೆ ಏಳಕ್ಕೆ ಶುರು ಮಾಡಿದರೆ ಹತ್ತರ ತನಕ ಅಳುತ್ತಾಳೆ. ಮುಖ ಕೆಂಪಗಾಗುತ್ತದೆ, ಕಾಲು ಹೊಟ್ಟೆಗೆ ಮಡಚಿಕೊಳ್ಳುತ್ತಾಳೆ. ಹಾಲು ಚೆನ್ನಾಗಿ ಕುಡಿಯುತ್ತಾಳೆ, ತೂಕವೂ ಏರುತ್ತಿದೆ.

ಇಲ್ಲಿ ಹೆರಿಗೆ ಆದ ಮೇಲೆ ಸೂಲಗಿತ್ತಿ ಮನೆಗೇ ಬರುತ್ತಾರೆ, ಹೆಬಾಮೆ ಅಂತಾರೆ. ಮೊದಲ ಮಗುವಾದರೆ 56 ದಿನದೊಳಗೆ 16 ಭೇಟಿಯ ತನಕ ಇಲ್ಲಿ ಎಲ್ಲರೂ ಮಾಡಿಸಲೇಬೇಕಾದ ಮೂಲ ವಿಮೆಯೇ ಕೊಡುತ್ತದೆ. ನಮ್ಮ ಹೆಬಾಮೆ ತುಂಬಾ ಒಳ್ಳೆಯವರು. ಕೊನೆಯ ಸಲ ಬಂದಾಗ, "ನೀವೂ ಮಾಡಿಸಿ, ಮಗುವಿಗೂ ಮಾಡಿಸಿ" ಅಂತ ಒಬ್ಬ ಕ್ರೇನಿಯೋಸೇಕ್ರಲ್ ಥೆರಪಿಸ್ಟ್ ಕಾರ್ಡ್ ಕೊಟ್ಟು ಹೋದರು. ಫೋನ್ ಮಾಡಿದೆ. ಒಂದು ಗಂಟೆಗೆ 130 ಫ್ರಾಂಕ್ ಅಂತೆ. ತಲೆ ಮತ್ತು ಬೆನ್ನನ್ನು ತುಂಬಾ ಮೃದುವಾಗಿ ಹಿಡಿದುಕೊಳ್ಳುತ್ತಾರಂತೆ, ಅಷ್ಟೇ.

ಅಮ್ಮ ಬಾಣಂತನಕ್ಕೆ ಊರಿಂದ ಬಂದಿದ್ದಾರೆ. "ನೆತ್ತಿ ಇನ್ನೂ ಕೂಡಿಲ್ಲ, ಗುರುತು ಪರಿಚಯ ಇಲ್ಲದವರ ಕೈಗೆ ಕೂಸಿನ ತಲೆ ಕೊಡ್ತೀಯೇನೇ?" ಅಂತ ನಿನ್ನೆಯಿಂದ ಒಂದೇ ಸಮನೆ ಹೇಳುತ್ತಿದ್ದಾರೆ. ನಮ್ಮ ಮನೆಯವರಿಗೆ ದುಡ್ಡಿನ ಚಿಂತೆ. ನನಗೆ ಮಾತ್ರ ಒಂದು ಗಂಟೆ ಯಾರಾದರೂ ನನ್ನ ತಲೆ ಹಿಡಿದುಕೊಂಡರೆ ಸಾಕು ಅನ್ನಿಸುವಷ್ಟು ಸುಸ್ತಾಗಿದೆ. ಮಾಡಿಸಿಕೊಂಡವರು, ವಿಷಯ ತಿಳಿದವರು ದಯವಿಟ್ಟು ಹೇಳಿ.

ಜ್ಯೂರಿಕ್ ಸುಬ್ಬಣ್ಣ

ದುಡ್ಡಿನ ಭಾಗ ಮಾತ್ರ ನಾನು ಹೇಳುತ್ತೇನೆ. ಮೂಲ ವಿಮೆ ಇದಕ್ಕೆ ಕೊಡುವುದಿಲ್ಲ. 2009ರ ಮೇ 17ರಂದು ಇಲ್ಲಿ ಪೂರಕ ಚಿಕಿತ್ಸೆಗಳ ಬಗ್ಗೆ ಜನಮತ ನಡೆದಿತ್ತು, ಮೂರರಲ್ಲಿ ಎರಡು ಪಾಲು ಜನ ಹೌದು ಅಂದರು. ಅದಾದ ಮೇಲೆ ಹೋಮಿಯೋಪಥಿ, ಚೀನೀ ವೈದ್ಯ ಮುಂತಾದ ಐದು ಪದ್ಧತಿ ಮೂಲ ವಿಮೆಗೆ ಸೇರಿದವು, ಅದೂ ಡಾಕ್ಟರೇ ಮಾಡಿದರೆ ಮಾತ್ರ. ಕ್ರೇನಿಯೋಸೇಕ್ರಲ್ ಆ ಐದರಲ್ಲಿ ಇಲ್ಲ.

ಪೂರಕ ವಿಮೆ ಮಾಡಿಸಿದ್ದರೆ ಒಂದು ಪಾಲು ವಾಪಸ್ ಬರಬಹುದು. ಆದರೆ ಥೆರಪಿಸ್ಟ್ ಹೆಸರು ನಿಮ್ಮ ಕಂಪನಿ ಒಪ್ಪುವ ನೋಂದಣಿಯಲ್ಲಿ ಇರಬೇಕು, ಹೆಚ್ಚಾಗಿ ಇಎಂಆರ್ ಅನ್ನುವ ಪಟ್ಟಿಯಲ್ಲಿ. ಮೊದಲ ಅಪಾಯಿಂಟ್‌ಮೆಂಟಿಗೆ ಮುಂಚೆಯೇ ಅವರ ನೋಂದಣಿ ನಂಬರ್ ತಗೊಂಡು ವಿಮೆಯವರಿಗೆ ಇಮೇಲ್ ಹಾಕಿ, ಉತ್ತರ ಬರಹದಲ್ಲೇ ತಗೊಳ್ಳಿ. ಮಗುವಿನ ಪಾಲಿಸಿ ಬೇರೆ, ನಿಮ್ಮದು ಬೇರೆ. ಅದನ್ನೂ ನೋಡಿಕೊಳ್ಳಿ.

ಬರ್ನ್ ಫಿಸಿಯೋ

ನಾನು ದಾವಣಗೆರೆಯವಳು. ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ, ಮುಗಿಸಿ ಬಂದು ಈಗ ಬರ್ನ್ ಹತ್ತಿರ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಇಲ್ಲಿಗೆ ಬಂದ ಮೇಲೆ ಕ್ರೇನಿಯೋಸೇಕ್ರಲ್ ಕೂಡ ಕಲಿತೆ, ಈಗಲೂ ಕೆಲವರಿಗೆ ಮಾಡುತ್ತೇನೆ. ಈ ಕೆಲಸದ ಮೇಲೆ ನನಗೆ ಪ್ರೀತಿ ಇದೆ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಆಗಬಹುದು. ಮಗುವಿಗೆ ಬೇಡ.

ಅದಕ್ಕೂ ಮುಂಚೆ ಒಂದು ಪ್ರಶ್ನೆ. ಹೆರಿಗೆಯಲ್ಲಿ ನೋವು ಗೊತ್ತಾಗದಿರಲಿ ಅಂತ ಬೆನ್ನಿಗೆ ಕೊಡುವ ಇಂಜೆಕ್ಷನ್, ಎಪಿಡ್ಯೂರಲ್, ಹಾಕಿಸಿಕೊಂಡಿದ್ರಾ? ಕೂತಾಗ, ನಿಂತಾಗ ನೋವು ಏರಿ, ಮಲಗಿದ ಕೂಡಲೇ ಇಳಿಯುತ್ತದಾ? ಹಾಗಿದ್ದರೆ ಸೂಜಿಯಿಂದ ಬೆನ್ನುಹುರಿಯ ಹೊದಿಕೆಯಲ್ಲಿ ಸಣ್ಣ ತೂತಾಗಿ ಒಳಗಿನ ದ್ರವ ಸೋರುತ್ತಿರಬಹುದು. ಅದಕ್ಕೆ ಡಾಕ್ಟರೇ ಬೇಕು, ಕ್ರೇನಿಯೋಸೇಕ್ರಲ್ ಅಂತೂ ಬೇಡವೇ ಬೇಡ. ಕಣ್ಣು ಮಂಜಾದರೆ, ಒಮ್ಮೆಲೇ ಸಿಡಿಯುವಂಥ ನೋವು ಬಂದರೆ, ಕೈಕಾಲು ಜೋಮು ಹಿಡಿದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ ನೇರ ಎಮರ್ಜೆನ್ಸಿಗೆ ಹೋಗಿ. ಬಾಣಂತಿಯರಲ್ಲಿ ಬಿಪಿ ಏರುವುದು, ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಹೆರಿಗೆಯಾಗಿ ವಾರಗಳ ಮೇಲೂ ಆಗಬಹುದು. ತಲೆಗೆ ಈಚೆಗೆ ಪೆಟ್ಟು ಬಿದ್ದವರು, ಮೆದುಳಲ್ಲಿ ರಕ್ತಸ್ರಾವ ಆದವರು, ಮೆದುಳಿನ ರಕ್ತನಾಳ ಉಬ್ಬಿರುವವರು ಬಂದರೂ ನಾನು ಕೈ ಇಡುವುದಿಲ್ಲ.

ಸರಿ, ಒಳಗೆ ಏನು ನಡೆಯುತ್ತದೆ ಅಂತ ಕೇಳಿ. ಬಟ್ಟೆ ಬಿಚ್ಚಬೇಕಾಗಿಲ್ಲ. ಎಣ್ಣೆ ಇಲ್ಲ, ತಿಕ್ಕುವುದಿಲ್ಲ, ನೆಟಿಕೆ ತೆಗೆಯುವುದಿಲ್ಲ. ಅಂಗಾತ ಮಲಗುತ್ತೀರಿ, ಮಂಡಿ ಕೆಳಗೆ ಉರುಟು ದಿಂಬು, ಮೇಲೆ ಹೊದಿಕೆ. ನಾನು ಪಾದದಿಂದ ಶುರು ಮಾಡುತ್ತೇನೆ. ಎರಡೂ ಹಿಮ್ಮಡಿ ಅಂಗೈಯಲ್ಲಿಟ್ಟುಕೊಂಡು ಸುಮ್ನೆ ಕೂರುತ್ತೇನೆ. ಆಮೇಲೆ ಸೊಂಟದ ಕೆಳಗಿನ ತ್ರಿಕೋನದ ಎಲುಬು ಇದೆಯಲ್ವಾ, ಸೇಕ್ರಮ್, ಅದರ ಅಡಿಗೆ ಒಂದು ಕೈ. ಕೊನೆಗೆ ತಲೆಯ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತು, ಹಿಂದಲೆಯ ಎಲುಬು ಮುಗಿದು ಕುತ್ತಿಗೆ ಶುರುವಾಗುವ ಕಡೆ ಬೆರಳಿಡುತ್ತೇನೆ. ಒತ್ತುವುದಿಲ್ಲ. ನಮಗೆ ಕಲಿಸುವ ಲೆಕ್ಕ ಸುಮಾರು 5 ಗ್ರಾಂ, ಒಂದು ನಾಣ್ಯದ ಭಾರ. ಮೊದಲ ಕೆಲವು ನಿಮಿಷ ಹೆಚ್ಚಿನವರು ತಲೆಯನ್ನು ತಾವೇ ಎತ್ತಿ ಹಿಡಿದಿರುತ್ತಾರೆ. ನನ್ನ ಕೈ ಕೆಳಗೇ ಇದ್ದರೂ ಭಾರ ಬಿಡುವುದಿಲ್ಲ, ಅದು ಅವರಿಗೆ ಗೊತ್ತೂ ಇರುವುದಿಲ್ಲ. ಆಮೇಲೆ ಹೊಟ್ಟೆ ಗುರ್ ಅನ್ನುತ್ತದೆ. ಒಂದು ಉಸಿರು ಉದ್ದಕ್ಕೆ ಹೊರಗೆ ಬರುತ್ತದೆ. ಹಲ್ಲು ಕಚ್ಚಿದ್ದ ದವಡೆ ಸಡಿಲವಾಗುತ್ತದೆ. ಆಗ ತಲೆ ನಿಜವಾಗಿ ಅಂಗೈಗೆ ಇಳಿಯುತ್ತದೆ, ಎಷ್ಟು ಭಾರ ಅಂದರೆ ನನ್ನ ಮೊಣಕೈ ಮೇಜಿಗೆ ಊರಬೇಕಾಗುತ್ತದೆ. ಎಷ್ಟೋ ಜನ ಅಲ್ಲೇ ನಿದ್ದೆ ಹೋಗುತ್ತಾರೆ. ಕೆಲವರು ಅಳುತ್ತಾರೆ. ಕಾರಣ ಕೇಳಬಾರದು ಅಂತ ನನ್ನ ನಿಯಮ.

ಇದೆಲ್ಲ ನಾನು ದಿನಾ ಕೈಯಾರೆ ನೋಡುವುದು. ಇದಕ್ಕೆ ಕೊಡುವ ವಿವರಣೆಯೇ ಬೇರೆ, ಅದನ್ನು ನೀವು ನಂಬಬೇಕಾಗಿಲ್ಲ.

ಆ ವಿವರಣೆ ಹುಟ್ಟಿದ್ದು ಅಮೆರಿಕದಲ್ಲಿ. ವಿಲಿಯಂ ಗಾರ್ನರ್ ಸದರ್ಲ್ಯಾಂಡ್ ಅಂತ ಒಬ್ಬರು, ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಆಸ್ಟಿಯೋಪಥಿ, ಅಂದರೆ ಎಲುಬು ಸ್ನಾಯುಗಳಿಗೆ ಕೈಯಿಂದ ಮಾಡುವ ಚಿಕಿತ್ಸೆ, ಕಲಿಯುತ್ತಿದ್ದಾಗ ಬಿಡಿಸಿಟ್ಟ ತಲೆಬುರುಡೆ ನೋಡಿದರು. ಕಿವಿಯ ಮೇಲಿನ ಎಲುಬಿನ ಅಂಚು ಮೀನಿನ ಕಿವಿರಿನ ಹಾಗೆ ಓರೆಯಾಗಿದೆ, ಅಂದ ಮೇಲೆ ಇದು ಉಸಿರಾಟದ ಹಾಗೆ ಅಲುಗಾಡುವುದಕ್ಕೇ ಇರಬೇಕು ಅಂತ ಅವರಿಗೆ ಹೊಳೆಯಿತು. ಚರ್ಮದ ಪಟ್ಟಿ, ಹೆಲ್ಮೆಟ್ ಕಟ್ಟಿಕೊಂಡು ತಮ್ಮ ತಲೆಯ ಮೇಲೆಯೇ ಪ್ರಯೋಗ ಮಾಡಿದರು. 1939ರಲ್ಲಿ ಪುಸ್ತಕ ಬರೆದರು. 1970ರ ದಶಕದಲ್ಲಿ ಜಾನ್ ಅಪ್ಲೆಜರ್ ಅನ್ನುವ ಇನ್ನೊಬ್ಬ ಆಸ್ಟಿಯೋಪಥ್ ಅದನ್ನು ಮುಂದುವರಿಸಿದರು. ಕುತ್ತಿಗೆಯ ಆಪರೇಷನ್ ಒಂದರಲ್ಲಿ ಸಹಾಯಕ್ಕೆ ನಿಂತಿದ್ದಾಗ ಬೆನ್ನುಹುರಿಯ ಹೊದಿಕೆ ತನ್ನದೇ ತಾಳದಲ್ಲಿ ಏರಿಳಿಯುವುದನ್ನು ಕಂಡೆ ಅಂತ ಅವರು ಹೇಳುತ್ತಿದ್ದರು. ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಕೆಲಸ ಮಾಡಿ, 1985ರಲ್ಲಿ ಫ್ಲಾರಿಡಾದಲ್ಲಿ ಸ್ವಂತ ಸಂಸ್ಥೆ ತೆರೆದರು. ಈಗಿನ ಹೆಸರು ಅವರದ್ದೇ. ಡಾಕ್ಟರಲ್ಲದವರಿಗೂ ಕಲಿಸಿದ್ದರಿಂದ ಜಗತ್ತಿಗೆಲ್ಲ ಹಬ್ಬಿತು.

ಅವರ ಮಾತಿನ ಸಾರ ಇಷ್ಟು: ಮೆದುಳು ಬೆನ್ನುಹುರಿಯ ಸುತ್ತಲಿನ ದ್ರವ ನಿಮಿಷಕ್ಕೆ 6ರಿಂದ 12 ಸಲ ಏರಿಳಿಯುತ್ತದೆ, ಅದಕ್ಕೆ ತಕ್ಕಂತೆ ತಲೆಯ ಎಲುಬುಗಳೂ ಸರಿಯುತ್ತವೆ, ಕೈಯಿಂದ ಅದನ್ನು ಗುರುತಿಸಿ ಸರಿಮಾಡಬಹುದು.

ದ್ರವ ಇರುವುದು ನಿಜ. ದೊಡ್ಡವರಲ್ಲಿ ಸುಮಾರು 150 ಮಿಲಿ, ದಿನಕ್ಕೆ 500 ಮಿಲಿಯಷ್ಟು ಹೊಸದಾಗಿ ಹುಟ್ಟುತ್ತದೆ. ಅದು ಅಲ್ಲಾಡುವುದೂ ನಿಜ, ಆದರೆ ಎಂಆರ್‌ಐನಲ್ಲಿ ಕಾಣುವುದು ಮುಖ್ಯವಾಗಿ ಎದೆಬಡಿತ ಮತ್ತು ಉಸಿರಿನ ಜೊತೆಗಿನ ಚಲನೆ. ದೊಡ್ಡವರ ತಲೆ ಎಲುಬು 5 ಗ್ರಾಂ ಸ್ಪರ್ಶಕ್ಕೆ ಸರಿಯುವುದಿಲ್ಲ. 1994ರಲ್ಲಿ ಮೂವರು ಫಿಸಿಯೋಗಳು 12 ಜನರ ತಲೆ ಹಿಡಿದು ಈ ತಾಳ ಎಣಿಸಿದರು. ಒಬ್ಬರ ಎಣಿಕೆಗೂ ಇನ್ನೊಬ್ಬರ ಎಣಿಕೆಗೂ ತಾಳೆಯೇ ಆಗಲಿಲ್ಲ. ಇರುವ ವಸ್ತುವಾಗಿದ್ದರೆ ಮೂವರಿಗೂ ಹತ್ತಿರ ಹತ್ತಿರ ಸಿಗಬೇಕಿತ್ತು, ಅಲ್ವಾ? ಹಾಗಾಗಿ ನಾನು ಯಾರಿಗೂ "ನಿಮ್ಮ ಎಲುಬು ಲಾಕ್ ಆಗಿದೆ, ಬಿಡಿಸಿದೆ" ಅಂತ ಹೇಳುವುದಿಲ್ಲ. ಹಾಗೆ ಹೇಳಿದರೆ ಮನೆಗೆ ಹೋಗುವಾಗ ಅವರು ಇಲ್ಲದ ಭಯ ಒಂದನ್ನು ಹೊತ್ತುಕೊಂಡು ಹೋಗುತ್ತಾರೆ.

ನೋವಿಗೆ ಉಪಯೋಗ ಇದೆಯಾ? ಜರ್ಮನಿಯ ಎಸೆನ್‌ನಲ್ಲಿ ಹಳೇ ಕುತ್ತಿಗೆ ನೋವಿನ 54 ಜನರ ಮೇಲೆ ಮಾಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ನಿಜವಾದ ಚಿಕಿತ್ಸೆ, ಅರ್ಧ ಜನಕ್ಕೆ ಅವೇ ಜಾಗಗಳಲ್ಲಿ ಬರೀ ಹಗುರ ಸ್ಪರ್ಶ. ಎಂಟು ವಾರದ ಕೊನೆಗೆ ಚಿಕಿತ್ಸೆ ಪಡೆದವರ ನೋವು ಜಾಸ್ತಿ ಇಳಿದಿತ್ತು. ಅದು ಸಣ್ಣ ಅಧ್ಯಯನ. 2024ರಲ್ಲಿ 15 ಪ್ರಯೋಗಗಳನ್ನು ಒಟ್ಟಿಗೆ ನೋಡಿದವರು ಯಾವ ಕಾಯಿಲೆಗೂ ಗಮನಿಸುವಂಥ ಲಾಭ ಕಾಣಲಿಲ್ಲ ಅಂದರು. ನಾನು ಎರಡನ್ನೂ ಓದಿದ್ದೇನೆ, ಕೇಳಿದವರಿಗೆ ಎರಡನ್ನೂ ಹೇಳುತ್ತೇನೆ.

ಹಾಗಾದರೆ ಯಾಕೆ ಮಾಡುತ್ತೇನೆ? ನಿಮ್ಮಂಥವರು ಬರುತ್ತಾರೆ ಅಂತ. ರಾತ್ರಿ ನಿದ್ದೆ ಇಲ್ಲ, ಹಗಲಿಡೀ ಮೈಮೇಲೆ ಇನ್ನೊಂದು ಜೀವ, ತನ್ನ ಮೈಯನ್ನು ಯಾರೂ ಕೇಳುವವರಿಲ್ಲ. ಅಂಥ ಮೈಗೆ ಒಂದು ಗಂಟೆ ಯಾರೂ ಏನೂ ಕೇಳದೆ ಕೈ ಕೊಟ್ಟರೆ ಬಿಗಿ ಬಿಡುತ್ತದೆ. ನಮ್ಮ ಚರ್ಮದಲ್ಲಿ ನಿಧಾನದ, ಮೃದು ಸವರುವಿಕೆಗೇ ಮಿಡಿಯುವ ನರಗಳಿವೆ, ಅದು ಚೆನ್ನಾಗಿ ಅಧ್ಯಯನ ಆಗಿರುವ ವಿಷಯ. ಸ್ಪರ್ಶ, ವಿಶ್ರಾಂತಿ, ಗಮನ ಇವು ಸಣ್ಣ ಸಂಗತಿಗಳಲ್ಲ. ಇದನ್ನು ವಿಶ್ರಾಂತಿ ಅಂತಲೇ ತಗೊಳ್ಳಿ, ಆ ಬೆಲೆಗೆ ನಿಮಗೆ ಅದು ಸರಿ ಅನ್ನಿಸಿದರೆ ಹೋಗಿ. ಕುತ್ತಿಗೆಗೆ ಮಾತ್ರ ಫಿಸಿಯೋ ಕೂಡ ನಡೆಯಲಿ. ಡಾಕ್ಟರ್ ಚೀಟಿ ಬರೆದುಕೊಟ್ಟರೆ ಅದಕ್ಕೆ ಮೂಲ ವಿಮೆಯೇ ಇದೆ, ನಿಮ್ಮ ಪಾಲಿನ ಹಣ ಕಳೆದು. ಹಾಲು ಕುಡಿಸುವಾಗ ಮಗುವನ್ನು ದಿಂಬಿನ ಮೇಲೆ ಎದೆಯ ಮಟ್ಟಕ್ಕೆ ಏರಿಸಿ, ನೀವು ಬಗ್ಗಬೇಡಿ. ಬಾಯಿ ಹಚ್ಚಿದ ಮೇಲೆ ಅವಳನ್ನೇ ನೋಡುತ್ತಾ ಕೂರಬೇಡಿ, ತಲೆ ಹಿಂದಕ್ಕೆ ಗೋಡೆಗೆ ಒರಗಿಸಿ.

ಮಗುವಿನ ವಿಷಯ ಮಕ್ಕಳ ಡಾಕ್ಟರು ಯಾರಾದರೂ ಹೇಳಲಿ. ನನ್ನ ಮಾತು ಇಷ್ಟೇ: ತನಗೆ ಏನಾಗುತ್ತಿದೆ ಅಂತ ಹೇಳಲು ಬಾರದ ಕೂಸಿಗೆ, ಲಾಭ ಗಟ್ಟಿಯಾಗಿ ಗೊತ್ತಿಲ್ಲದ ಕೆಲಸವನ್ನು ನಾನು ಮಾಡುವುದಿಲ್ಲ.

ಹುಬ್ಬಳ್ಳಿ ಮಕ್ಕಳ ಡಾಕ್ಟರ್

ಬರ್ನ್ ಮೇಡಂ ಹೇಳಿದ್ದು ಸರಿ ಇದೆ. ನಾನು ಮಗುವಿನ ಬಗ್ಗೆ ಅಷ್ಟೇ ಬರೆಯುತ್ತೇನೆ.

ನಿಮ್ಮ ಅಮ್ಮನ ಮಾತಿನಲ್ಲಿ ತೂಕ ಇದೆ. ಹಿಂದಿನ ಸಣ್ಣ ನೆತ್ತಿ ಎರಡು ಮೂರು ತಿಂಗಳಿಗೆ ಕೂಡುತ್ತದೆ. ಮುಂದಿನ ದೊಡ್ಡ ನೆತ್ತಿಗೆ ಸಾಮಾನ್ಯವಾಗಿ 12ರಿಂದ 18 ತಿಂಗಳು ಬೇಕು, ಕೆಲವರಿಗೆ ಎರಡು ವರ್ಷದ ತನಕ. ಅಲ್ಲಿಯವರೆಗೆ ಅದರ ಮೇಲೆ ಕೈ ಆಡಿಸಿದರೆ, ಎಣ್ಣೆ ಸವರಿದರೆ ಏನೂ ಆಗುವುದಿಲ್ಲ, ಕೆಳಗೆ ಗಟ್ಟಿ ಪೊರೆ ಇದೆ. ಒತ್ತಬಾರದು. ಇದು ಥೆರಪಿಸ್ಟಿಗೂ ಅನ್ವಯ, ಎರೆಯುವಾಗ ತಲೆ ದುಂಡಗೆ ಮಾಡುತ್ತೇವೆ ಅಂತ ಅಮುಕುವ ನಮ್ಮ ಅಜ್ಜಿಯರಿಗೂ ಅನ್ವಯ. ಮೂಗಿಗೆ, ಕಿವಿಗೆ ಎಣ್ಣೆ ಬಿಡಬೇಡಿ ಅಂತಲೂ ಅಮ್ಮನಿಗೆ ಹೇಳಿ.

ನೀವು ಬರೆದದ್ದು ನೋಡಿದರೆ ಕಾಲಿಕ್ ಥರ ಇದೆ, ಅಂದರೆ ಆರೋಗ್ಯವಾಗಿರುವ ಕೂಸು ಕಾರಣ ಗೊತ್ತಾಗದೆ ತುಂಬಾ ಹೊತ್ತು ಅಳುವುದು. ದಿನಕ್ಕೆ 3 ಗಂಟೆಗಿಂತ ಜಾಸ್ತಿ, ವಾರಕ್ಕೆ 3 ದಿನಕ್ಕಿಂತ ಜಾಸ್ತಿ, 3 ವಾರಕ್ಕಿಂತ ಜಾಸ್ತಿ ಅಳು ಅನ್ನುವ ಅಳತೆ 1954ರಿಂದ ಬಳಕೆಯಲ್ಲಿದೆ. ಆರನೇ ವಾರದ ಸುಮಾರಿಗೆ ತುತ್ತತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ತಾನೇ ಇಳಿಯುತ್ತದೆ. ಅದಕ್ಕೇ ಈ ವಯಸ್ಸಲ್ಲಿ ಏನು ಮಾಡಿಸಿದರೂ ಅದರಿಂದಲೇ ಗುಣವಾಯಿತು ಅನ್ನಿಸುತ್ತದೆ. ಕಾಲಿಕ್‌ಗೆ ಕ್ರೇನಿಯೋಸೇಕ್ರಲ್ ಒಳ್ಳೆಯದು ಅಂದ ಸ್ಪೇನಿನ 2019ರ ಅಧ್ಯಯನ ಇದೆ, 58 ಕೂಸುಗಳು. ಹೋಲಿಕೆಗೆ ಇಟ್ಟ ಕೂಸುಗಳಿಗೆ ಯಾವ ಚಿಕಿತ್ಸೆಯೂ ಇರಲಿಲ್ಲ. ತಂದೆತಾಯಿಗೆ ಯಾರಿಗೆ ಏನು ಅಂತ ಗೊತ್ತಿತ್ತು, ಅಳುವಿನ ಲೆಕ್ಕ ಬರೆದವರೂ ಅವರೇ. ಅಷ್ಟರ ಮೇಲೆ ನಾನು ಯಾವ ತಾಯಿಗೂ "ಮಾಡಿಸಿ" ಅನ್ನಲಾರೆ.

ಇನ್ನೊಂದು ವಿಷಯ ಹೇಳಲೇಬೇಕು. ನೆದರ್ಲ್ಯಾಂಡ್ಸ್‌ನಲ್ಲಿ ಕ್ರೇನಿಯೋಸೇಕ್ರಲ್ ಹೆಸರಿನಲ್ಲಿ ಮೂರು ತಿಂಗಳ ಕೂಸಿನ ಕುತ್ತಿಗೆ, ಬೆನ್ನನ್ನು ಬಲವಾಗಿ ಬಗ್ಗಿಸಿ ಕೂಸು ತೀರಿಕೊಂಡಿದ್ದು ಅಲ್ಲಿನ ವೈದ್ಯ ಪತ್ರಿಕೆಯಲ್ಲಿ 2009ರಲ್ಲಿ ಬಂದಿದೆ. ಸರಿಯಾಗಿ ಕಲಿತವರು ಹಾಗೆ ಬಗ್ಗಿಸುವುದಿಲ್ಲ, ನಿಜ. ಆದರೆ ಹೊರಗೆ ಹಾಕಿದ ಬೋರ್ಡಿನಿಂದ ಒಳಗಿನ ಕೈ ಎಂಥದ್ದು ಅಂತ ಗೊತ್ತಾಗುವುದಿಲ್ಲ.

ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಹಸಿರು ವಾಂತಿ ಆದರೆ, ಮಲದಲ್ಲಿ ರಕ್ತ ಕಂಡರೆ, ಹಾಲು ಬಿಟ್ಟರೆ, ನೆತ್ತಿ ಉಬ್ಬಿದರೆ ಅಥವಾ ಗುಳಿ ಬಿದ್ದರೆ ಅವತ್ತೇ ತೋರಿಸಿ. ಇವು ಯಾವುದೂ ಇಲ್ಲದಿದ್ದರೆ ಎದೆಗೆ ಕಟ್ಟಿಕೊಂಡು ಮನೆಯೊಳಗೇ ಓಡಾಡಿ, ದೀಪ ಸಣ್ಣದು ಮಾಡಿ. ತಾಳ್ಮೆ ತಪ್ಪುತ್ತಿದೆ ಅನ್ನಿಸಿದರೆ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಬನ್ನಿ. ಯಾವ ಕಾರಣಕ್ಕೂ ಕುಲುಕಬೇಡಿ.

ಜಯನಗರದವಳು

ಬೆಂಗಳೂರಿನಲ್ಲಿ ಇದನ್ನು ಓದುವವರಿಗೆ ಒಂದು ಮಾತು. ಇಲ್ಲೂ ಈಗ ಕೆಲವು ಕಡೆ ಮಾಡುತ್ತಾರೆ. ಪುಣೆಯ ಓಶೋ ಆಶ್ರಮ, ಆರೋವಿಲ್‌ಗಳಲ್ಲೂ ಇದೆ. ಆದರೆ ಇದು ಆಯುಷ್‌ನಲ್ಲಿ ಸೇರಿದ ಪದ್ಧತಿ ಅಲ್ಲ. ಅದಕ್ಕೆ ಮಾಡುವವರ ಮೂಲ ಓದು ಏನು ಅಂತ ಕೇಳಿ, ಬಿಪಿಟಿ ಇದೆಯಾ, ವೈದ್ಯರಾ ಅಂತ. ನಾನು ಆಫೀಸಿನ ಒತ್ತಡದಲ್ಲಿ ಹೋಗಿದ್ದೆ, ಒಳ್ಳೇ ನಿದ್ದೆ ಬಂತು, ಆ ವಾರ ಹಗುರ ಅನ್ನಿಸಿತು. ನನ್ನ ಥೈರಾಯ್ಡ್ ಮಾತ್ರೆ ಬಿಡಬಹುದು ಅಂತ ಅಲ್ಲಿ ಹೇಳಿದ ದಿನವೇ ನಾನು ಹೋಗುವುದು ನಿಲ್ಲಿಸಿದೆ.

ಬಾಸೆಲ್ ಬಾಣಂತಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಪಿಡ್ಯೂರಲ್ ಹಾಕಿಸಿಕೊಂಡಿದ್ದೆ ಅಕ್ಕಾ. ಆದರೆ ಮಲಗಿದರೆ ನೋವು ಇಳಿಯುವುದಿಲ್ಲ, ದಿಂಬು ತಾಗಿದರೆ ಜಾಸ್ತಿಯೇ ಆಗುತ್ತದೆ. ಆದರೂ ನಾಳೆ ಡಾಕ್ಟರಿಗೆ ಫೋನ್ ಮಾಡಿ ಇದನ್ನು ಹೇಳುತ್ತೇನೆ. ಮಗುವಿಗೆ ಮಾಡಿಸುವುದಿಲ್ಲ, ಅಮ್ಮನಿಗೆ ಹೇಳಿದೆ, ನೆಮ್ಮದಿಯಾಯಿತು. ಎಣ್ಣೆ ವಿಷಯಕ್ಕೆ ಮಾತ್ರ ಸ್ವಲ್ಪ ಮುನಿಸಿಕೊಂಡಿದ್ದಾರೆ.

ಇನ್ನೊಂದು ಕೇಳುವುದಿದೆ. ಆ ಥೆರಪಿಸ್ಟ್ ಮತ್ತೆ ಫೋನ್ ಮಾಡಿ, ಹತ್ತು ಸಲದ ದುಡ್ಡು ಒಟ್ಟಿಗೆ ಕಟ್ಟಿದರೆ ಕಡಿಮೆ ಮಾಡಿಕೊಡುತ್ತೇನೆ ಅಂದರು. ಹೆರಿಗೆಯಲ್ಲಿ ಮಗುವಿಗೆ ಆದ ಆಘಾತ ನನ್ನ ಮೈಯಲ್ಲೂ ಉಳಿದಿದೆ, ಬೇಗ ತೆಗೆಯದಿದ್ದರೆ ಮುಂದೆ ತೊಂದರೆ ಅಂತಲೂ ಅಂದರು. ಹೆದರಿಕೆ ಆಯಿತು.

ಬರ್ನ್ ಫಿಸಿಯೋ

ಅವರ ಹತ್ತಿರ ಹೋಗಬೇಡಿ. ನೋಡದೆ, ಮುಟ್ಟದೆ ಫೋನಿನಲ್ಲೇ ನಿಮ್ಮ ಮೈಯಲ್ಲಿ ಏನಿದೆ ಅಂತ ಹೇಳುವವರು ಈ ಕೆಲಸಕ್ಕೆ ತಕ್ಕವರಲ್ಲ. ಹೆದರಿದ ಮೈ ಇನ್ನಷ್ಟು ಬಿಗಿಯಾಗುತ್ತದೆ, ನಾವು ಮಾಡಬೇಕಾದ್ದಕ್ಕೆ ಅದು ಪೂರ್ತಿ ಉಲ್ಟಾ. ಮುಂಗಡವಾಗಿ ಎಲ್ಲೂ ದುಡ್ಡು ಕಟ್ಟಬೇಡಿ.

ಇಲ್ಲಿ ಪೂರಕ ಥೆರಪಿಯವರಿಗೆ 2015ರಿಂದ ಫೆಡರಲ್ ಡಿಪ್ಲೊಮಾ ಇದೆ, ಅದರಲ್ಲಿ ಕ್ರೇನಿಯೋಸೇಕ್ರಲ್ ಕೂಡ ಒಂದು ವಿಭಾಗ. ಅದು ಇರುವವರನ್ನು, ಅದರಲ್ಲೂ ಫಿಸಿಯೋ ಅಥವಾ ನರ್ಸ್ ಆಗಿ ಕೆಲಸ ಮಾಡಿದವರನ್ನು ಹುಡುಕಿ. ಡಾಕ್ಟರ್ ಸರಿ ಅಂದ ಮೇಲೆ ಒಂದು ಸಲ ಹೋಗಿ ಬನ್ನಿ. ಎಪಿಡ್ಯೂರಲ್ ಆಗಿದೆ ಅಂತ ಬಾಗಿಲಲ್ಲೇ ಹೇಳಿ. ಹಿಡಿದ ಜಾಗ ಹಿತ ಅನ್ನಿಸದಿದ್ದರೆ ಕೈ ತೆಗೆಯಿರಿ ಅನ್ನಿ, ಒಳ್ಳೆಯವರು ಕೂಡಲೇ ತೆಗೆಯುತ್ತಾರೆ. ಮೂರು ನಾಲ್ಕು ಸಲ ಆದರೂ ಕುತ್ತಿಗೆಗೆ ಏನೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ.

ಅಮ್ಮ ಇರುವ ತನಕ ಸಂಜೆ ಏಳರಿಂದ ಎಂಟರವರೆಗೆ ಮಗುವನ್ನು ಅವರ ಕೈಗೆ ಕೊಟ್ಟು ನೀವು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿ. ಬಾಸೆಲ್‌ನಲ್ಲಿ ನನಗೆ ಗೊತ್ತಿರುವ ಇಬ್ಬರು ಇದ್ದಾರೆ, ಬೇಕಾದರೆ ಮೆಸೇಜ್ ಹಾಕಿ.